ಆಟೋ ಚೋಕ್‌ಗೆ ಐದು ನಿಮಿಷ ಕೊಡಿ

ಕಲಬುರಗಿಯಲ್ಲಿ ಕೈನೆಟಿಕ್ ಹೋಂಡಾ ಉಳಿಸಿಕೊಂಡವರು ಈಗ ವಿರಳ. ಇರುವವರು ಮಾತ್ರ ಅದನ್ನು ಬಿಟ್ಟುಕೊಡುವವರಲ್ಲ. ಡಿಸೆಂಬರ್ ಬೆಳಿಗ್ಗೆ ಗಾಡಿ ಸೆಲ್ಫ್‌ಗೆ ಓಗೊಡದಿದ್ದರೆ, ಇಲ್ಲವೇ ಮೈಲೇಜ್ ಇದ್ದಕ್ಕಿದ್ದಂತೆ ಬಿದ್ದರೆ ಅವರಿಗೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: “ಆಟೋ ಚೋಕ್ ಹೋಗ್ಯಾದ್ರಿ, ಬಂದ್ ಮಾಡಿಬಿಡ್ತೀನಿ.” ಪರೀಕ್ಷೆಯಿಲ್ಲದ ಈ ತೀರ್ಪಿಗೆ ನನ್ನ ತಕರಾರಿದೆ.

ಕೈನೆಟಿಕ್ ಮತ್ತು ಜಪಾನಿನ ಹೋಂಡಾ 1984ರಲ್ಲಿ ಕೈಜೋಡಿಸಿ ತಂದ ಗಾಡಿ ಅದು. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಗೇರಿಲ್ಲ, ಬಟನ್ ಒತ್ತಿದರೆ ಚಾಲೂ. ಚೇತಕ್ ಸವಾರರು ಚೋಕ್ ಎಳೆದು, ಗಾಡಿ ವಾಲಿಸಿ, ಕಿಕ್ ಹೊಡೆಯುತ್ತಿದ್ದ ಕಾಲದಲ್ಲಿ ಇದರ ಸವಾರನಿಗೆ ಚೋಕ್ ಮುಟ್ಟುವ ಕೆಲಸವೇ ಇರಲಿಲ್ಲ.

ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ; ಒಂದಿಷ್ಟು ದಾರಿಯ ಗೋಡೆಗೇ ಅಂಟುತ್ತದೆ. ಬಿಸಿ ಎಂಜಿನ್‌ಗೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸಾಕಾದರೆ, ತಣ್ಣಗಿರುವಾಗ ಅದಕ್ಕಿಂತ ಬಹಳ ಹೆಚ್ಚು ಸುರಿಯಬೇಕು. ಆ ಹೆಚ್ಚುವರಿಗೆಂದೇ ಸ್ಕೂಟರಿನ ಕಾರ್ಬೊರೇಟರ್‌ನಲ್ಲಿ ಪ್ರತ್ಯೇಕ ಸಣ್ಣ ದಾರಿಯಿದೆ. ಅದರ ಬಾಯಿಗೆ ಒಂದು ಸೂಜಿ. ಸೂಜಿಯ ಬೆನ್ನಿಗೆ ಮೇಣ ತುಂಬಿದ ಪುಟ್ಟ ಡಬ್ಬಿ, ಪಕ್ಕದಲ್ಲಿ ವಿದ್ಯುತ್ ಹೀಟರ್. ಎಂಜಿನ್ ಓಡತೊಡಗಿದರೆ ಹೀಟರ್‌ಗೆ ಕರೆಂಟ್ ಬರುತ್ತದೆ, ಮೇಣ ಕರಗಿ ಹಿಗ್ಗುತ್ತದೆ, ಸೂಜಿ ಕೆಳಗಿಳಿದು ದಾರಿ ಮುಚ್ಚುತ್ತದೆ. ಎಲ್ಲ ಸೇರಿ ಐದು ನಿಮಿಷದ ಆಸುಪಾಸು. ಇದೇ ಆಟೋ ಚೋಕ್. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಸರಳವಾದ ಉಪಾಯ! ನನಗೆ ಇದು ಕಂಪ್ಯೂಟರ್ ಚಿಪ್‌ಗಿಂತ ಸುಂದರ.

ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್, ಅಲ್ಲಿಂದ ಸ್ಟೇಷನ್ ರೋಡ್ ಎಂದು ಎರಡೆರಡು ನಿಮಿಷಕ್ಕೆ ಗಾಡಿ ನಿಲ್ಲಿಸುವವರಿಗೆ ಮೇಣ ಪೂರ್ತಿ ಬಿಸಿಯಾಗುವುದೇ ಇಲ್ಲ. ದಾರಿ ಅರ್ಧ ತೆರೆದೇ ಇರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇದು ಚೋಕ್ ಕೆಟ್ಟದ್ದಲ್ಲ, ಸವಾರಿ ಗಿಡ್ಡದ್ದು.

ಹಾಗಾಗಿ ಗಾಡಿಯನ್ನು ಹುಮನಾಬಾದ್ ರಸ್ತೆಗೆ ತಿರುಗಿಸಿ. ಕೆಂಪು ಬಾಳೆಯ ಕಮಲಾಪುರ ಸುಮಾರು 35 ಕಿ.ಮೀ.; ಮೇಣಕ್ಕೆ ಬೇಕಾದ ಸಮಯ ಮೊದಲ ಕೆಲವು ಕಿಲೋಮೀಟರಿಗೇ ಮುಗಿದಿರುತ್ತದೆ. ಊರು ಮುಟ್ಟಿದ ಮೇಲೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಥ್ರಾಟಲ್ ಮುಚ್ಚಿದ್ದಾಗಲೇ ಆ ಸಣ್ಣ ದಾರಿಯ ಎಳೆತ ಜೋರು. ಎಂಜಿನ್ ಸಮವಾಗಿ ನಡೆದರೆ ಆಟೋ ಚೋಕ್ ನಿರಪರಾಧಿ. ಗೊರಗುಟ್ಟಿ, ಹೊಗೆ ಉಗುಳಿ, ಪ್ಲಗ್ ಒದ್ದೆಯಾಗಿ ಕಪ್ಪಗಿದ್ದರೆ ಅನುಮಾನಿಸಿ. ಆದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ.

ಆಮೇಲೆ ಚೋಕ್ ಸರದಿ. ಮೊದಲು ವೈರಿನ ಸಾಕೆಟ್: ಸಡಿಲವಾಗಿದ್ದರೂ ಹಸಿರು ಹಿಡಿದಿದ್ದರೂ ಹೀಟರ್ ಬಿಸಿಯಾಗದು. ಮೀಟರ್ ಹಚ್ಚಿದಾಗ ಓಮ್ ಏನೂ ತೋರಿಸದಿದ್ದರೆ ಹೀಟರ್ ಸತ್ತಿದೆ. ಇನ್ನು ಊದುವ ಪರೀಕ್ಷೆ. ಎಂಜಿನ್ ಅರ್ಧ ಗಂಟೆ ಆರಲಿ. ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಬಸಿದು, ಆ ದಾರಿಗೆ ಪೈಪ್ ಸಿಕ್ಕಿಸಿ ಊದಿದರೆ ಗಾಳಿ ದಾಟಬೇಕು. ಹೀಟರ್‌ಗೆ 12 ವೋಲ್ಟ್ ಬ್ಯಾಟರಿ ಕೊಟ್ಟು ಐದು ನಿಮಿಷ ಬಿಟ್ಟು ಊದಿದರೆ ದಾಟಬಾರದು. ಎರಡರಲ್ಲೂ ಪಾಸಾದ ಡಬ್ಬಿಯನ್ನು ಬಂದ್ ಮಾಡುವುದು ಅನ್ಯಾಯ.

ಈ ಡಬ್ಬಿಗೆ ಅಡ್ಜಸ್ಟ್ ಮಾಡುವ ಸ್ಕ್ರೂ ಇಲ್ಲ. ಕೈಗೆ ಸಿಗುವುದು ಐಡ್ಲಿಂಗ್ ಸ್ಕ್ರೂ ಮತ್ತು ಏರ್ ಸ್ಕ್ರೂ. ತಣ್ಣಗಿನ ಗಾಡಿಯ ಮೇಲೆ ಇವನ್ನು ತಿರುಗಿಸುವುದೇ ದೊಡ್ಡ ತಪ್ಪು: ಚೋಕ್ ಸುರಿಯುತ್ತಿರುವ ಪೆಟ್ರೋಲಿಗೆ ಹೊಂದಿಸಿದ್ದು, ಚೋಕ್ ಮುಚ್ಚಿದ ಗಳಿಗೆಯಲ್ಲಿ ಎಂಜಿನ್ ಆರಿಸುತ್ತದೆ.

ನಿಜವಾಗಿ ಅಡ್ಜಸ್ಟ್ ಆಗುವ ಆಟೋ ಚೋಕ್ ಹಳೆಯ ಅಮೆರಿಕನ್ ಕಾರುಗಳದ್ದು. 1932ರ ಓಲ್ಡ್ಸ್‌ಮೊಬೈಲ್ ಅದನ್ನು ತಂದ ಮೊದಲಿಗರ ಸಾಲಿನದು. ಆಮೇಲೆ ಬಂದ ಬಹಳಷ್ಟು ಮಾದರಿಗಳಲ್ಲಿ ಎರಡು ಲೋಹಗಳ ಪಟ್ಟಿಯ ಸುರುಳಿಯೊಂದು ಗಾಳಿಯ ಬಾಯಿಯ ತಗಡನ್ನು ಮುಚ್ಚಿ ಹಿಡಿಯುತ್ತದೆ. ಎಂಜಿನ್ ಬಿಸಿಯಾದಂತೆ ಬಿಡುತ್ತದೆ. ಸುರುಳಿಯ ದುಂಡು ಮುಚ್ಚಳದ ಮೂರು ಸ್ಕ್ರೂ ಸಡಿಲಿಸಿ, ಅಂಚಿನ ಗೆರೆಗಳನ್ನು ನೋಡುತ್ತ ಮುಚ್ಚಳ ತಿರುಗಿಸಬೇಕು. ಒಮ್ಮೆಗೆ ಒಂದೇ ಗೆರೆ. ಫಲ ತಿಳಿಯಲು ಎಂಜಿನ್ ರಾತ್ರಿಯಿಡೀ ತಣಿಯಬೇಕು, ಅಂದರೆ ದಿನಕ್ಕೊಂದೇ ಪ್ರಯೋಗ. ಎಂಜಿನ್ ಹೊತ್ತಿಕೊಂಡಾಗ ತಗಡು ಕೂದಲೆಳೆಯಷ್ಟಲ್ಲ, ಕಣ್ಣಿಗೆ ಕಾಣುವಷ್ಟು ತೆರೆಯಬೇಕು. ಅದನ್ನು ಎಳೆಯುವುದು ವ್ಯಾಕ್ಯೂಮ್. ತೆರೆಯದಿದ್ದರೆ ಸುರುಳಿಯನ್ನು ದೂರಬೇಡಿ, ವ್ಯಾಕ್ಯೂಮ್ ದಾರಿ ನೋಡಿ.

ಗೆರೆ ಹೊಂದಿಸುವ ಕೆಲಸವನ್ನು ಮೇ ತಿಂಗಳಿನಲ್ಲಿ ಮಾಡಲೇಬೇಡಿ. ಈ ಸುರುಳಿಗಳು ಸಾಮಾನ್ಯವಾಗಿ 20ರಿಂದ 24 ಡಿಗ್ರಿಯಲ್ಲಿ ತಗಡು ಆಗಷ್ಟೇ ಮುಚ್ಚುವಂತೆ ಹೊಂದಿಸಿದಂಥವು. ಹಗಲು ನಲವತ್ತು ದಾಟುವ ನಮ್ಮ ಬೇಸಿಗೆಯಲ್ಲಿ ನಸುಕಿನಲ್ಲೂ ತಗಡು ಪೂರ್ತಿ ಮುಚ್ಚದು, ಮುಚ್ಚಬೇಕಾಗಿಯೂ ಇಲ್ಲ. ಆಗ ಬಲವಂತವಾಗಿ ಮುಚ್ಚಿಸಿದರೆ ಡಿಸೆಂಬರ್‌ನಲ್ಲಿ ಕಾರು ಕಪ್ಪು ಹೊಗೆ ಬಿಡುತ್ತದೆ.

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಅದು ಆವಿಯಾಗಲು ಹೆಚ್ಚು ಶಾಖ ಬೇಡುತ್ತದೆ. ಹಳೆ ಕಾರ್ಬೊರೇಟರ್‌ಗಳಿಗೆ ಚಳಿಯಲ್ಲಿ ಚೋಕ್ ಮೊದಲಿಗಿಂತಲೂ ಅಗತ್ಯ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಗಾಡಿಗಳಲ್ಲಿ ಆ ಕೆಲಸ ಫ್ಯುಯೆಲ್ ಇಂಜೆಕ್ಷನ್‌ನದು. ಹಾಗಾಗಿ ಹಳೆ ಚೋಕ್‌ನ ಬಿಡಿಭಾಗ ಇನ್ನು ದುರ್ಲಭವೇ. ಹಳೆ ಕೈನೆಟಿಕ್ ಗುಜರಿಗೆ ಹಾಕುವವರಲ್ಲಿ ನನ್ನದೊಂದು ಕೋರಿಕೆ: ಆಟೋ ಚೋಕ್ ಬಿಚ್ಚಿ, ಊದಿ ಪರೀಕ್ಷಿಸಿ, ಸರಿಯಿದ್ದರೆ ನಿಮ್ಮ ಮೆಕ್ಯಾನಿಕ್ ಕೈಗೆ ಕೊಟ್ಟುಬಿಡಿ. ಬೇಕಾದವರು ಊರಲ್ಲಿ ಇನ್ನೂ ಇದ್ದಾರೆ.