ರಯಾನ್ ವರದಿ: ಕ್ಷಮಾಯಾಚನೆ ಮತ್ತು ಹೊಣೆ

ಸರ್ಕಾರಿ ವರದಿಯೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ವಾಡಿಕೆಯಲ್ಲ. ಆದರೆ ರಾಜ್ಯವೊಂದು ತನ್ನ ಪಾಪದ ಚರಿತ್ರೆಯನ್ನು ತಾನೇ ಬರೆಸಲು ಹೊರಟಾಗ ಏನನ್ನು ಬರೆಸಿತು, ಏನನ್ನು ಬಿಡಿಸಿತು ಎಂಬುದು ನೀತಿವಿಚಾರದ ಪ್ರಶ್ನೆಯೇ ಆಗುತ್ತದೆ. ಐರ್ಲೆಂಡಿನಲ್ಲಿ 2009ರ ಮೇ 20ರಂದು ಪ್ರಕಟವಾದ, ಐದು ಸಂಪುಟಗಳ ರಯಾನ್ ವರದಿ ಅಂಥದೊಂದು ಬರಹ. 1936ರಿಂದೀಚೆಗೆ ಅನಾಥರೂ ಬಡವರೂ ಆದ ಮಕ್ಕಳನ್ನು ಇರಿಸಿದ್ದ ಔದ್ಯೋಗಿಕ ಶಾಲೆಗಳು, ಸುಧಾರಣಾಲಯಗಳು ಮೊದಲಾದ ಸಂಸ್ಥೆಗಳಲ್ಲಿ ನಡೆದ ದೌರ್ಜನ್ಯ ಅದರ ವಸ್ತು. ಈ ಶಾಲೆಗಳನ್ನು ಬಹುಮಟ್ಟಿಗೆ ನಡೆಸುತ್ತಿದ್ದುದು ಕ್ಯಾಥೊಲಿಕ್ ಧಾರ್ಮಿಕ ಸಂಘಗಳು. ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಿದ್ದುದು ನ್ಯಾಯಾಲಯ. ಹಣ ತೆರುತ್ತಿದ್ದುದು ಸರ್ಕಾರ.

ವರದಿಯ ಮೂರನೆಯ ಸಂಪುಟವೇ ಅದರ ಹೃದಯ. 216 ಶಾಲೆ ಹಾಗೂ ವಸತಿಸಂಸ್ಥೆಗಳ ಬಗ್ಗೆ 1,090 ಮಂದಿ ಸ್ತ್ರೀಪುರುಷರು ಗೋಪ್ಯವಾಗಿ ನೀಡಿದ ಸಾಕ್ಷ್ಯ ಅಲ್ಲಿದೆ. ಹಸಿವು, ಚಳಿ, ಚರ್ಮದ ಪಟ್ಟಿಯ ಏಟು, ಹಾಸಿಗೆ ಒದ್ದೆಯಾದುದಕ್ಕೆ ಎಲ್ಲರೆದುರು ಅವಮಾನ, ಲೈಂಗಿಕ ಹಿಂಸೆ, ಒಡಹುಟ್ಟಿದವರ ಅಗಲಿಕೆ. ಬರವಣಿಗೆಯಲ್ಲಿ ಆವೇಶವಿಲ್ಲ, ವಿಶೇಷಣಗಳ ಆಡಂಬರವಿಲ್ಲ. ಒಂದೇ ಬಗೆಯ ಮಾತು ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ದಶಕಗಳಿಂದ ಮರಳಿ ಮರಳಿ ಬರುತ್ತದೆ. ಓದುವವನಿಗೆ ಬೇಸರವೆನಿಸುವ ಆ ಪುನರಾವೃತ್ತಿಯೇ ವರದಿಯ ಅತ್ಯಂತ ಬಲವಾದ ವಾದ. ಯಾರೋ ಕೆಲವು ಕ್ರೂರಿಗಳ ಕೃತ್ಯವಿದು ಎಂಬ ಸಮಜಾಯಿಷಿ ಅದರೆದುರು ನಿಲ್ಲಲಾರದು.

ನಾಲ್ಕನೆಯ ಸಂಪುಟ ಶಿಕ್ಷಣ ಇಲಾಖೆಯ ಕಡೆಗೆ ತಿರುಗುತ್ತದೆ. ಅನುದಾನ ತಲೆಯೆಣಿಕೆಯ ಮೇಲೆ ಸಂದಾಯವಾಗುತ್ತಿದ್ದುದರಿಂದ ಹೆಚ್ಚು ಮಕ್ಕಳಿದ್ದಷ್ಟೂ ಶಾಲೆಗೆ ಲಾಭ. ತಪಾಸಣೆ ವಿರಳ, ಬಂದ ಅಧಿಕಾರಿ ಮಕ್ಕಳನ್ನು ಮಾತನಾಡಿಸುತ್ತಿದ್ದುದು ಇನ್ನೂ ವಿರಳ. ದೂರುಗಳನ್ನು ಅಲಕ್ಷಿಸಲಾಯಿತು. ಧಾರ್ಮಿಕ ಸಂಘಗಳೆದುರು ಇಲಾಖೆ ತೋರಿದ ವಿಧೇಯತೆಯೇ ಅದರ ಶಾಸನಬದ್ಧ ಕರ್ತವ್ಯವನ್ನು ಕೆಡಿಸಿತೆಂದು ವರದಿ ನಿಸ್ಸಂದಿಗ್ಧವಾಗಿ ಹೇಳುತ್ತದೆ. ಸರ್ಕಾರ ನೇಮಿಸಿದ ಆಯೋಗ ಸರ್ಕಾರದ ಬಗ್ಗೆ ಇಷ್ಟು ಹೇಳಿದ್ದು ಸಣ್ಣ ಮಾತಲ್ಲ.

ಆದರೆ ಇಲ್ಲಿಂದ ಮುಂದೆ ವರದಿಯ ಕಾಲು ತಡವರಿಸುತ್ತದೆ. ಆಪಾದಿತರ ಹೆಸರುಗಳನ್ನು ಪ್ರಕಟಿಸಬಾರದೆಂದು ಕ್ರಿಶ್ಚಿಯನ್ ಬ್ರದರ್ಸ್ ಸಂಘ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಆಯೋಗ ಹಿಂದೆ ಸರಿಯಿತು. ಪರಿಣಾಮವಾಗಿ ಪುಟಪುಟದಲ್ಲೂ ಹುಸಿಹೆಸರುಗಳು. ಸತ್ತವರ ಮಾನಕ್ಕೂ ಸಿಕ್ಕ ಈ ರಕ್ಷಣೆ ಬದುಕಿದ್ದ ಮಕ್ಕಳ ಮೈಗೆ ಅಂದು ಸಿಕ್ಕಿರಲಿಲ್ಲ. ಕ್ರಿಯೆ ಇದೆ, ಕರ್ತೃವಿಲ್ಲ. ವ್ಯಾಕರಣದಲ್ಲಿ ಇದು ಸಾಧ್ಯ, ನೀತಿಯಲ್ಲಿ ಹೇಗೆ ಸಾಧ್ಯ?

ಈ ದೌರ್ಬಲ್ಯಕ್ಕೆ ಆಯೋಗವೊಂದನ್ನೇ ದೂಷಿಸುವುದು ನ್ಯಾಯವಲ್ಲ. ಮೇರಿ ರ‍್ಯಾಫ್ಟರಿಯವರ ಸಾಕ್ಷ್ಯಚಿತ್ರ ಸರಣಿ ದೂರದರ್ಶನದಲ್ಲಿ ಬಂದು ಜನರನ್ನು ಕಲಕುತ್ತಿದ್ದ ದಿನಗಳಲ್ಲೇ, 1999ರ ಮೇ 11ರಂದು, ಪ್ರಧಾನಿ ಬರ್ಟೀ ಅಹರ್ನ್ ರಾಷ್ಟ್ರದ ಪರವಾಗಿ ಕ್ಷಮೆ ಯಾಚಿಸಿದ್ದರು. ಆದರೆ ಆಯೋಗದ ಮೊದಲ ಅಧ್ಯಕ್ಷೆ, ನ್ಯಾಯಮೂರ್ತಿ ಮೇರಿ ಲ್ಯಾಫಾಯ್, ಸರ್ಕಾರದ ನಡೆಗಳೇ ತಮ್ಮ ಕಾರ್ಯಕ್ಕೆ ಅಡ್ಡಿಯಾದುವೆಂದು 2003ರಲ್ಲಿ ರಾಜೀನಾಮೆ ಘೋಷಿಸಬೇಕಾಯಿತು. ಅದಕ್ಕೂ ಮೊದಲು, 2002ರಲ್ಲಿ, ಸರ್ಕಾರ ಧಾರ್ಮಿಕ ಸಂಘಗಳೊಡನೆ ಒಪ್ಪಂದ ಮಾಡಿಕೊಂಡಿತ್ತು: ಅವು 12.8 ಕೋಟಿ ಯೂರೊ ಮೌಲ್ಯದ ಹಣ, ಆಸ್ತಿ ಕೊಟ್ಟರೆ ದಾವೆಗಳ ಹೊರೆ ಸರ್ಕಾರದ್ದು. ಒಟ್ಟು ವೆಚ್ಚ ಮುಂದೆ ಸುಮಾರು 150 ಕೋಟಿ ಯೂರೊ ಮುಟ್ಟಿತು. 2009ರ ವರದಿಯ ನಂತರ ಸಂಘಗಳು ಇನ್ನಷ್ಟು ಕೊಡಲು ಮುಂದೆ ಬಂದವೆಂಬುದನ್ನೂ ಹೇಳಬೇಕು. ಆದರೂ ಭಾರದ ಹೆಚ್ಚಿನ ಪಾಲು ತೆರಿಗೆದಾರನ ಹೆಗಲಿಗೇ ಬಿದ್ದಿತು. ಪರಿಹಾರ ಪಡೆದವರಿಗೋ 2002ರ ಕಾಯ್ದೆ ಮೌನವನ್ನು ವಿಧಿಸಿತು. ತಮಗೆ ದೊರೆತ ಪರಿಹಾರದ ವಿವರವನ್ನು ಬಹಿರಂಗಪಡಿಸಿದರೆ ದಂಡ, ಸೆರೆವಾಸ! ನೊಂದವನ ಬಾಯಿಗೆ ಬೀಗ ಹಾಕುವ ಕ್ಷಮಾಯಾಚನೆಯನ್ನು ಪಶ್ಚಾತ್ತಾಪವೆನ್ನಲು ಬಾರದು.

ಸರ್ಕಾರದ ಮನೋಭಾವ ವಸತಿಶಾಲೆಗಳಿಗಷ್ಟೇ ಸೀಮಿತವಾಗಿರಲಿಲ್ಲ. ಕಾರ್ಕ್ ಪ್ರಾಂತದ ಸಾಮಾನ್ಯ ಪ್ರಾಥಮಿಕ ಶಾಲೆಯೊಂದರಲ್ಲಿ 1973ರಲ್ಲಿ ಮುಖ್ಯೋಪಾಧ್ಯಾಯನ ದೌರ್ಜನ್ಯಕ್ಕೆ ತುತ್ತಾದ ಲೂಯಿಸ್ ಓಕೀಫ್ ಸರ್ಕಾರದ ಮೇಲೆ ದಾವೆ ಹೂಡಿದಾಗ, ಶಾಲೆಯ ಆಡಳಿತ ತನ್ನದಲ್ಲವೆಂದು ಸರ್ಕಾರ ವಾದಿಸಿತು. ಐರಿಷ್ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಅದನ್ನು ಒಪ್ಪಿತು. ಆಕೆ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಅದು 2014ರ ಜನವರಿ 28ರಂದು ಇತ್ತ ತೀರ್ಪಿನ ಪ್ರಕಾರ, ಮಕ್ಕಳ ಶಿಕ್ಷಣವನ್ನು ಇತರರಿಗೆ ವಹಿಸಿದ ಮಾತ್ರಕ್ಕೆ ಅವರನ್ನು ರಕ್ಷಿಸುವ ಹೊಣೆಯಿಂದ ರಾಜ್ಯ ಬಿಡುಗಡೆಯಾಗದು. ಐದು ಸಂಪುಟಗಳು ಸಾಧಾರವಾಗಿ ಸೂಚಿಸಿದ್ದನ್ನು ಒಬ್ಬ ಮಹಿಳೆಯ ಹಠ ಕಾನೂನಾಗಿಸಿತು.

ಇನ್ನು ಆಯೋಗದ ಕಡತಗಳ ಮಾತು. ಅವನ್ನೂ ಪರಿಹಾರ ಮಂಡಳಿಯ ದಾಖಲೆಗಳನ್ನೂ 75 ವರ್ಷಗಳ ಕಾಲ ಮುದ್ರೆಯೊತ್ತಿ ಮುಚ್ಚಿಡುವ ಮಸೂದೆಯನ್ನು 2019ರಲ್ಲಿ ಸಂಸತ್ತಿನ ಮುಂದೆ ತರಲಾಯಿತು. ಇತಿಹಾಸಕಾರರೂ, ತಮ್ಮ ಮಾತನ್ನು ತಮ್ಮಿಂದಲೇ ಮರೆಮಾಡುವಿರಾ ಎಂದು ಕೇಳಿದ ಸಾಕ್ಷಿಗಳೂ ಅದನ್ನು ವಿರೋಧಿಸಿದರು. 2020ರಲ್ಲಿ ಸಂಸತ್ತು ವಿಸರ್ಜನೆಯಾಗಿ ಆ ಮಸೂದೆ ಬಿದ್ದುಹೋಯಿತು.