ಲಾಳಿ ನಿಲ್ಲಿಸುವ ಕೈ

ಇಂಗ್ಲಿಷಿನ ‘ಶಟಲ್’ ಅಂದರೆ ಲಾಳಿ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಖಟಖಟ ಸದ್ದು ಮಾಡುತ್ತ, ಹಾಸಿನ ಎಳೆಗಳ ನಡುವೆ ಹೊಕ್ಕು ಬಿಟ್ಟುಕೊಂಡು ಓಡುವ ಅದೇ ಲಾಳಿ. ಅಮೆರಿಕದವರು ರೆಕ್ಕೆ ಕಟ್ಟಿದ ತಮ್ಮ ಗಗನನೌಕೆಗೆ ಈ ಹೆಸರಿಟ್ಟದ್ದು, ಅದೂ ಭೂಮಿಗೂ ಕಕ್ಷೆಗೂ ಹೀಗೇ ಸಲೀಸಾಗಿ ಹೋಗಿ ಬಂದು ಮಾಡಲಿ ಎಂದು. ನಮ್ಮ ಪತ್ರಿಕೆಗಳು ‘ಬಾಹ್ಯಾಕಾಶ ನೌಕೆ’ ಎಂದು ಬರೆದವು. ಹೆಸರೊಳಗಿನ ಮಗ್ಗ ಮರೆಯಾಯಿತು. ಅದನ್ನು ಮತ್ತೆ ಹೊರತೆಗೆದರೆ, ಆ ಯೋಜನೆಯನ್ನು ತೂಗಲು ನೇಕಾರರ ತಕ್ಕಡಿಯೇ ಸಿಗುತ್ತದೆ.

ಬನಹಟ್ಟಿಯ ನೇಕಾರ ಮಗ್ಗದಿಂದ ಬಯಸುವುದು ಎರಡನ್ನು. ದಿನವಿಡೀ ಓಡಬೇಕು, ಎಳೆ ಹರಿದಾಗ ನಿಲ್ಲಬೇಕು. “ಎಳಿ ಹರದಾಗ ನಿಂದ್ರಸ್ಲಿಲ್ಲಂದ್ರ ಸೀರಿಗೆ ಸೀರೀನ ಹಾಳ್ರಿ” ಎನ್ನುವ ಮಾತಿನಲ್ಲಿ ಇಡೀ ಕಸುಬಿನ ನೀತಿಯಿದೆ. ಶಟಲನ್ನು ಈ ಎರಡೂ ಕಡೆಯಿಂದ ನೋಡೋಣ.

ಓಟದ ಲೆಕ್ಕ ಮೊದಲು. 1981ರ ಏಪ್ರಿಲ್ 12ರಂದು ಕೊಲಂಬಿಯಾ ಏರಿತು. 2011ರ ಜುಲೈ 21ರಂದು ಅಟ್ಲಾಂಟಿಸ್ ಇಳಿಯಿತು. ನಡುವಿನ ಮೂವತ್ತು ವರ್ಷಗಳಲ್ಲಿ ಐದು ನೌಕೆಗಳು 135 ಸಲ ಹೋದವು. ಯೋಜನೆಗೆ ಹಣ ಕೇಳುವಾಗ ಹೇಳಿದ್ದು ಹೆಚ್ಚುಕಡಿಮೆ ವಾರಕ್ಕೊಂದು ಉಡಾವಣೆ. ಅತ್ಯಂತ ಬಿಡುವಿಲ್ಲದೆ ಓಡಿದ 1985ರಲ್ಲೂ ಆದದ್ದು ಒಂಬತ್ತು. ಪ್ರತಿ ಸಲ ಇಳಿದು ಬಂದಾಗಲೂ ಮೈಗೆ ಅಂಟಿಸಿದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಶಾಖನಿರೋಧಕ ಬಿಲ್ಲೆಗಳನ್ನು ಪರೀಕ್ಷಿಸಬೇಕು, ಎಂಜಿನ್‌ಗಳನ್ನು ಬಿಚ್ಚಿ ನೋಡಬೇಕು. ಒಂದು ಸೀರೆ ನೇಯ್ದು ಮಗ್ಗವನ್ನೇ ಬಿಚ್ಚಿ ಮತ್ತೆ ಜೋಡಿಸಿದ ಹಾಗೆ. ಅಗ್ಗದ ಲಾಳಿಯಾಗಿ ಶಟಲ್ ಸೋತಿತು. ಹಬಲ್ ದೂರದರ್ಶಕವನ್ನು 1990ರಲ್ಲಿ ಒಯ್ದು, 1993ರಲ್ಲಿ ಕಕ್ಷೆಯಲ್ಲೇ ರಿಪೇರಿ ಮಾಡಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ದೊಡ್ಡ ದೊಡ್ಡ ಭಾಗಗಳನ್ನು ಹೊತ್ತು ಜೋಡಿಸಿತು ಎಂಬುದೂ ನಿಜ. ಆ ಕೆಲಸಕ್ಕೆ ಅದರಂಥ ಯಂತ್ರ ಆಗ ಇನ್ನೊಂದಿರಲಿಲ್ಲ.

ನಿಲ್ಲುವ ಲೆಕ್ಕ ಇದಕ್ಕಿಂತ ಮುಖ್ಯ. ಅದರಲ್ಲಿ ನಮ್ಮ ಪಾಲೂ ಇದೆ.

1983ರ ಆಗಸ್ಟ್ 30ರ ರಾತ್ರಿ ಫ್ಲಾರಿಡಾದಿಂದ ಏರಿದ ಚಾಲೆಂಜರ್‌ನ ಹೊಟ್ಟೆಯಲ್ಲಿ ಭಾರತದ ಇನ್ಸಾಟ್-1ಬಿ ಇತ್ತು. ಜಮಖಂಡಿ, ಮುಧೋಳ, ಬೀಳಗಿಯಂಥ ಊರುಗಳ ಮಾಳಿಗೆಗಳ ಮೇಲೆ ಆಂಟೆನಾ ಏಳಲು ದಾರಿ ಮಾಡಿದ ಉಪಗ್ರಹ ಅದು; 1984ರಿಂದ ದೇಶದ ಸಣ್ಣ ಊರುಗಳಿಗೆ ದೂರದರ್ಶನ ಹಬ್ಬಿದ್ದು ಅದರ ಬಲದಿಂದ. ನೌಕೆ ಕ್ಷೇಮವಾಗಿ ಮರಳಿತು. ಆಮೇಲೆ ಸಮುದ್ರದಿಂದ ಎತ್ತಿ ತಂದ ಘನ ಇಂಧನದ ಬೂಸ್ಟರ್ ರಾಕೆಟ್‌ಗಳನ್ನು ಬಿಚ್ಚಿದವರು ಬೆಚ್ಚಿದರು. ಒಂದು ರಾಕೆಟ್ಟಿನ ನಳಿಕೆಯ ಒಳಮೈಗೆ ಮೂರು ಅಂಗುಲ ದಪ್ಪದ ರಕ್ಷಾಪದರ ಇರುತ್ತದೆ. ಉರಿಯುವಾಗ ಅರ್ಧದಷ್ಟು ಸವೆಯುವುದು ಲೆಕ್ಕದಲ್ಲೇ ಇದ್ದದ್ದು. ಆದರೆ ಕೆಲವು ಕಡೆ ಉಳಿದದ್ದು ಬರೀ ಐದು ಮಿಲಿಮೀಟರ್. ಇನ್ನು ಹದಿನಾಲ್ಕು ಸೆಕೆಂಡು ಉರಿದಿದ್ದರೆ ನಳಿಕೆ ತೂತಾಗುತ್ತಿತ್ತು ಎಂಬ ಅಂದಾಜೂ ಇದೆ. ನಾವು ಟಿವಿಯ ಮುಂದೆ ಕೂತು ಕಂಡ ಕ್ರಿಕೆಟ್ಟಿಗೂ ‘ಹಮ್ ಲೋಗ್’ ಧಾರಾವಾಹಿಗೂ ಹಿಂದೆ, ನಮಗೆ ಗೊತ್ತೇ ಇಲ್ಲದೆ, ನೌಕೆಯಲ್ಲಿದ್ದ ಐದು ಜನರ ಜೀವ ಇಷ್ಟು ತೆಳುವಾದ ಪದರದ ಮೇಲೆ ಕೂತಿತ್ತು.

ಆಗ ನಾಸಾ ಮಾಡಿದ್ದು ಸರಿಯಾದ ಕೆಲಸ. ಮುಂದಿನ ಹಾರಾಟಕ್ಕೆ ಉಡಾವಣಾ ಕಟ್ಟೆಯ ಮೇಲೆ ಸಜ್ಜಾಗಿ ನಿಂತಿದ್ದ ಕೊಲಂಬಿಯಾವನ್ನು ಅಕ್ಟೋಬರ್‌ನಲ್ಲಿ ಹಿಂದಕ್ಕೆ ಒಯ್ದು, ಅನುಮಾನದ ನಳಿಕೆ ಬದಲಿಸಿ, ನವೆಂಬರ್ 28ಕ್ಕೆ ಹಾರಿಸಿದರು. ಎಳೆ ಹರಿದದ್ದು ಕಂಡಿತು, ಮಗ್ಗ ನಿಂತಿತು.

ಅದೇ ರಾಕೆಟ್ಟಿನ ಇನ್ನೊಂದು ಎಳೆಯ ವಿಷಯದಲ್ಲಿ ಹೀಗಾಗಲಿಲ್ಲ. ಬೂಸ್ಟರ್ ಎಂದರೆ ತುಂಡು ತುಂಡಾಗಿ ಬಂದು ಜೋಡಣೆಯಾಗುವ ಕೊಳವೆ. ಸಂದುಗಳಿಂದ ಬೆಂಕಿ ಹೊರಬೀಳದಂತೆ ರಬ್ಬರಿನ ಉಂಗುರಗಳು. ಬೋರ್‌ವೆಲ್ ಪೈಪಿಗೆ ನಾವು ಹಾಕುವ ವಾಷರಿನ ದೊಡ್ಡಣ್ಣಗಳು. ಎರಡನೆಯ ಹಾರಾಟದಲ್ಲೇ, 1981ರ ನವೆಂಬರ್‌ನಲ್ಲೇ, ಒಂದು ಉಂಗುರ ಸುಟ್ಟು ಸವೆದದ್ದು ಕಂಡಿತ್ತು. ಮುಂದೆಯೂ ಕಾಣುತ್ತ ಹೋಯಿತು. ಪ್ರತಿ ಸಲವೂ ನೌಕೆ ಮರಳಿ ಬಂತು. ಹೀಗೆ ಬಂದದ್ದೇ ಕುತ್ತಾಯಿತು. ‘ಸವೆಯಬಾರದು’ ಎಂದಿದ್ದದ್ದು ‘ಇಷ್ಟು ಸವೆದರೆ ಅಡ್ಡಿಯಿಲ್ಲ’ ಎಂದಾಯಿತು. ನಳಿಕೆಯ ಸವೆತ ಹೊಸದು, ಅದಕ್ಕೆ ಬೆಚ್ಚಿದರು. ಉಂಗುರದ ಸವೆತ ಹಳೆಯದು, ಅದಕ್ಕೆ ಒಗ್ಗಿಕೊಂಡರು. ಶಟಲ್‌ನ ಇಡೀ ಕಥೆ ಈ ಎರಡರ ನಡುವೆ ಇದೆ: ಅದನ್ನು ಕೆಡವಿದ್ದು ಕಣ್ತಪ್ಪಿದ ದೋಷವಲ್ಲ, ಕಣ್ಣಿಗೆ ರೂಢಿಯಾದ ದೋಷ.

1986ರ ಜನವರಿ 27ರ ರಾತ್ರಿ ಬೂಸ್ಟರ್ ತಯಾರಿಸುವ ಥಯೋಕಾಲ್ ಕಂಪನಿಯ ಎಂಜಿನಿಯರುಗಳು, ರೋಜರ್ ಬೋಯ್ಸ್‌ಜೋಲಿ ಅವರಲ್ಲೊಬ್ಬರು, ನಾಳೆ ಬೇಡ ಎಂದರು. ಅದುವರೆಗಿನ ಅತಿ ಚಳಿಯ ಉಡಾವಣೆ ಸುಮಾರು 12 ಡಿಗ್ರಿಯದು. ಉಂಗುರ ಹೆಚ್ಚು ಹಾಳಾದದ್ದೂ ಆಗಲೇ. ನಾಳೆ ಅದಕ್ಕಿಂತ ಬಹಳ ಚಳಿ. ಚಳಿಗೆ ರಬ್ಬರು ಸೆಟೆದು ಸಂದು ತುಂಬದು ಎಂಬುದು ಅವರ ಅಂಜಿಕೆ. ವಾಡಿಕೆಯಂತೆ ‘ಹಾರಿಸಿದರೆ ಅಪಾಯವಿಲ್ಲ’ ಎಂದು ತೋರಿಸಬೇಕಾದವರು ಹಾರಿಸುವವರು. ಆ ರಾತ್ರಿ ಲೆಕ್ಕ ತಿರುಗಿತು: ‘ಅಪಾಯವಾಗಿಯೇ ಆಗುತ್ತದೆ’ ಎಂದು ತೋರಿಸುವ ಹೊರೆ ಬೇಡ ಎಂದವರ ತಲೆಗೆ ಬಂತು. ಮ್ಯಾನೇಜರುಗಳು ಒಪ್ಪಿಗೆ ಬರೆದರು. ಮರುದಿನ 73ನೇ ಸೆಕೆಂಡಿಗೆ ಏಳು ಜನರೊಂದಿಗೆ ಚಾಲೆಂಜರ್ ಒಡೆಯಿತು. ಇನ್ಸಾಟ್-1ಬಿಯನ್ನು ಹೊತ್ತೊಯ್ದಿದ್ದ ಅದೇ ನೌಕೆ. ಆ ವರ್ಷವೇ ಇನ್ಸಾಟ್-1ಸಿ ಜೊತೆಗೆ ಇಸ್ರೋದ ಒಬ್ಬರು ಶಟಲ್ ಏರುವುದಿತ್ತು. ಅದೂ ಅಲ್ಲಿಗೇ ನಿಂತಿತು.

ಮುಧೋಳದ ರನ್ನ ಮಹಾಭಾರತ ಯುದ್ಧದ ಕೊನೆಯ ದಿನವನ್ನು ಹಿಡಿದು, ಅಲ್ಲಿಂದ ಹಿಂತಿರುಗಿ ನೋಡುತ್ತ ಇಡೀ ಕಥೆಯನ್ನು ಕಾಣಿಸಿದ ಕವಿ. ಚಾಲೆಂಜರ್ ದುರಂತದ ತನಿಖೆಗೂ ಬೇಕಾದದ್ದು ಅಂಥ ಸಿಂಹಾವಲೋಕನವೇ. 73 ಸೆಕೆಂಡಿನಿಂದ ಹಿಂದಕ್ಕೆ ನಡೆದರೆ 1970ರ ದಶಕದ ನಕ್ಷೆಯ ಮೇಜಿಗೆ ಮುಟ್ಟುತ್ತೇವೆ. ಹೊತ್ತಿಸಿದ ಮೇಲೆ ಆರಿಸಲಾಗದ ಬೂಸ್ಟರು. ಮೇಲಿನಿಂದ ಏನು ಬಿದ್ದರೂ ಬಡಿಯುವಂತೆ ಇಂಧನದ ತೊಟ್ಟಿಯ ಪಕ್ಕದಲ್ಲಿ ಕೂರಿಸಿದ ನೌಕೆ. ಏರುವಾಗ ಕೆಟ್ಟರೆ ಜನ ಪಾರಾಗಲು ದಾರಿಯಿಲ್ಲ. ಇವೆಲ್ಲಕ್ಕಿಂತ ಮೂಲದ ತಪ್ಪು, ಸಾಮಾನು ಒಯ್ಯುವ ಗಾಡಿಗೆ ಜನರನ್ನೂ ಕಡ್ಡಾಯವಾಗಿ ಹತ್ತಿಸಿದ್ದು. ಇನ್ಸಾಟ್-1ಸಿ 1988ರಲ್ಲಿ ಏರಿಯಾನ್ ರಾಕೆಟ್ಟಿನಲ್ಲಿ, ಮನುಷ್ಯರಿಲ್ಲದೆಯೇ ಕಕ್ಷೆಗೆ ಹೋಯಿತು. ಹಾಗಾದರೆ 1ಬಿಗಾಗಿ ಐದು ಜನ ಜೀವ ಪಣಕ್ಕಿಡಬೇಕಿತ್ತೇ?

ತನಿಖೆಯ ಹೊತ್ತಿನಲ್ಲಿ ಭೌತವಿಜ್ಞಾನಿ ಫೈನ್‌ಮನ್ ಕೇಳಿದಾಗ, ನೌಕೆ ನಾಶವಾಗುವ ಸಂಭವ ಲಕ್ಷಕ್ಕೊಂದು ಎಂದವರು ಮೇಲಿನವರು. ನೂರಕ್ಕೊಂದು ಎಂದವರು ಕೈಮುಟ್ಟಿ ಕೆಲಸ ಮಾಡುವವರು. 135ಕ್ಕೆ ಎರಡು ಹೋದವು. ಕೈಮುಟ್ಟಿದವರ ಅಂದಾಜೂ ಕಡಿಮೆಯೇ ಆಯಿತು. ಎರಡನೆಯದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ. 2003ರ ಜನವರಿ 16ರಂದು ಏರುವಾಗ ತೊಟ್ಟಿಯ ಫೋಮ್ ತುಂಡೊಂದು ಎಡರೆಕ್ಕೆಗೆ ಬಡಿಯಿತು. ಫೋಮ್ ಉದುರುವುದು ಮೊದಲ ಹಾರಾಟದಿಂದಲೂ ಕಂಡದ್ದೇ, ಒಗ್ಗಿದ್ದೇ. ಕಕ್ಷೆಯಲ್ಲಿದ್ದ ನೌಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರುಗಳು ಕೇಳಿದರು, ಮೇಲಿನವರು ತೆಗೆಸಲಿಲ್ಲ. ಫೆಬ್ರವರಿ 1ರಂದು ಇಳಿಯುವಾಗ ತೂತಾದ ರೆಕ್ಕೆಯೊಳಗೆ ಬೆಂಕಿಗಾಳಿ ನುಗ್ಗಿತು. ಹದಿನೇಳು ವರ್ಷದ ಹಿಂದಿನ ಪಾಠವನ್ನು ಅದೇ ಶಾಲೆ ಮತ್ತೆ ಕಲಿಯಬೇಕಾಯಿತು.

ಇದನ್ನು ಅಮೆರಿಕದ ಮೂರ್ಖತನ ಎಂದು ಬದಿಗಿಡಲು ನಮಗೆ ಅಧಿಕಾರವಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ-ಮುಧೋಳದ ರಸ್ತೆಗೆ ಬನ್ನಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಗಾಲಿಗಿಂತ ಆಚೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ಮಿನುಗು ಪಟ್ಟಿಯಿಲ್ಲ. ಮೊದಲ ಸಲ ನೋಡಿದವರು ಎದೆ ಹಿಡಿದುಕೊಳ್ಳುತ್ತಾರೆ. ನಾವು ಸೈಡು ಹಾಕಿ ಮುಂದೆ ಹೋಗುತ್ತೇವೆ. ನಿನ್ನೆಯೂ ಏನೂ ಆಗಲಿಲ್ಲವಲ್ಲ!

ಈಗ ಲಾಳಿ ನಮ್ಮ ಕೈಗೆ ಬಂದಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ ತನ್ನ ರೆಕ್ಕೆಯ ಮರುಬಳಕೆ ವಾಹನ ‘ಪುಷ್ಪಕ್’ ಅನ್ನು ಮೂರು ಸಲ ಇಳಿಸಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22, ಜೂನ್ 23. ಚಿನೂಕ್ ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಮೂರನೆಯ ಸಲ ಬೇಕೆಂದೇ 500 ಮೀಟರ್ ಬದಿಗೆ ಬಿಟ್ಟರು. ವಾಹನ ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ರನ್‌ವೇ ಮುಟ್ಟಿತು. ಎರಡನೆಯ ಸಲದ ಮೈಯನ್ನೇ ಮೂರನೆಯದಕ್ಕೂ ಬಳಸಿದ್ದರು. ಮೆಚ್ಚಬೇಕಾದದ್ದು, ಒಳಗೆ ಮನುಷ್ಯರಿಲ್ಲ ಎಂಬುದನ್ನು. ಶಟಲ್ ತನ್ನ ಮೊದಲ ಕಕ್ಷಾಯಾನಕ್ಕೇ ಇಬ್ಬರನ್ನು ಕೂರಿಸಿತ್ತು. ಆದರೆ ಸುದ್ದಿವಾಹಿನಿಗಳು ಕೂಗಿದಂತೆ ‘ಭಾರತದ ಸ್ಪೇಸ್ ಶಟಲ್’ ಇನ್ನೂ ಬಂದಿಲ್ಲ. ಕಕ್ಷೆಯಿಂದ ಮರಳುವ ವಾಹನ ಶಬ್ದದ ಸುಮಾರು ಇಪ್ಪತ್ತೈದು ಪಟ್ಟು ವೇಗದ ಬೆಂಕಿ ದಾಟಿ ಬರಬೇಕು; ಇದೇ ಯೋಜನೆಯ 2016ರ ಪ್ರಯೋಗ ಮುಟ್ಟಿದ್ದು ಸುಮಾರು ಐದು ಪಟ್ಟು. ಇಳಿಯುವುದನ್ನು ಕಲಿತಿದ್ದೇವೆ. ಮರಳುವುದು ಬಾಕಿ.

ಭಾರತೀಯರನ್ನು ಕಕ್ಷೆಗೆ ಒಯ್ಯುವ ಯೋಜನೆಯಾದ ಗಗನಯಾನದ್ದೂ ಶಟಲ್‌ನ ಆ ತಪ್ಪುಗಳನ್ನು ದೂರವಿಟ್ಟ ವಿನ್ಯಾಸ. ಜನ ಕೂರುವ ಕೋಶ ರಾಕೆಟ್ಟಿನ ನೆತ್ತಿಯ ಮೇಲೆ, ಅದನ್ನು ಕಿತ್ತುಕೊಂಡು ಹಾರುವ ರಕ್ಷಣಾ ವ್ಯವಸ್ಥೆ ಅದಕ್ಕೂ ಮೇಲೆ. ಅದರ ಪರೀಕ್ಷೆ 2023ರ ಅಕ್ಟೋಬರ್ 21ರಂದು ಐದು ಸೆಕೆಂಡು ಬಾಕಿ ಇರುವಾಗ ನಿಂತಿತು. ಕಾರಣ ಹುಡುಕಿ, ಸರಿಪಡಿಸಿ, ಹತ್ತು ಗಂಟೆಗೆ ಹಾರಿಸಿದರು. 2022ರೊಳಗೆ ಭಾರತೀಯರು ಹೋಗುತ್ತಾರೆ ಎಂಬ 2018ರ ಘೋಷಣೆಯ ಗಡುವು ಎಂದೋ ದಾಟಿತು. ಅದನ್ನು ಅಣಕಿಸುವವರಿದ್ದಾರೆ. ನನಗೆ ಆ ತಡವೇ ಧೈರ್ಯ ಕೊಡುತ್ತದೆ.

ಧೈರ್ಯ ಕೊಡದಿರುವುದು ಮೌನ. ಶಟಲ್‌ನ ಎರಡೂ ದುರಂತಗಳ ವರದಿಗಳನ್ನು, ನಾಸಾದ ಮಾನ ತೆಗೆಯುವ ಪುಟಗಳ ಸಮೇತ, ಯಾರು ಬೇಕಾದರೂ ಓದಬಹುದು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿದ್ದರ ಪೂರ್ಣ ವರದಿ ಜನರ ಕೈಗೆ ಬರಲಿಲ್ಲ; ಕಾರಣಗಳು ಭಾಷಣ, ಸಂದರ್ಶನಗಳಲ್ಲಿ ಬಿಡಿಬಿಡಿಯಾಗಿ ಬಂದವು. 2004ರ ಫೆಬ್ರವರಿಯಲ್ಲಿ ಶ್ರೀಹರಿಕೋಟೆಯ ಘನ ಇಂಧನ ಘಟಕದಲ್ಲಿ ಸತ್ತ ಆರು ಜನರ ನೆನಪು ಎಷ್ಟು ಜನರಿಗಿದೆ? ಜನ ಏರುವ ರಾಕೆಟ್ಟಿಗೆ ಇಷ್ಟು ಗುಟ್ಟು ಒಗ್ಗದು. ಬಚ್ಚಿಟ್ಟ ದೋಷ ರೂಢಿಯಾಗುವುದು ಬೇಗ.

ಬನಹಟ್ಟಿಯ ತಕ್ಕಡಿಯಲ್ಲಿ ಇನ್ನೊಂದು ತೂಕದ ಕಲ್ಲಿದೆ. ಅಲ್ಲಿ ಮಗ್ಗ ನಿಲ್ಲಿಸಿದಷ್ಟು ಹೊತ್ತೂ ನೇಕಾರನ ಕೂಲಿ ಹೋಗುತ್ತದೆ. ಆದರೂ ನಿಲ್ಲಿಸುತ್ತಾನೆ, ಕೆಟ್ಟ ಅರಿವೆಯ ನಷ್ಟವೂ ಅವನ ಮೈಮೇಲೆಯೇ ಬರುವುದರಿಂದ. ನಿಲ್ಲಿಸುವ ಕೈಯೂ ನಷ್ಟ ಹೊರುವ ಹೆಗಲೂ ಒಬ್ಬನವೇ. ರಾಕೆಟ್ಟಿನಲ್ಲಿ ಹಾಗಲ್ಲ. ಒಪ್ಪಿಗೆ ಬರೆದವರು ನೆಲದ ಮೇಲಿದ್ದರು. ಸತ್ತವರಿಗೆ ಉಂಗುರದ ಅಂಜಿಕೆಯ ಸುದ್ದಿಯನ್ನೇ ಯಾರೂ ಮುಟ್ಟಿಸಿರಲಿಲ್ಲ. ಬೇಡ ಎಂದ ಬೋಯ್ಸ್‌ಜೋಲಿಯನ್ನು ಆಮೇಲೆ ಸಹೋದ್ಯೋಗಿಗಳೇ ದೂರ ಇಟ್ಟರು. ಆದ್ದರಿಂದ ಗಗನಯಾನ ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆ ರಾಕೆಟ್ಟಿನ ಶಕ್ತಿ ಎಷ್ಟು ಎಂಬುದಲ್ಲ. ‘ಇವತ್ತು ಬೇಡ’ ಎಂದವನ ನೌಕರಿ, ಬಡ್ತಿ, ಮರ್ಯಾದೆ ನಾಳೆ ಹೇಗಿರುತ್ತದೆ ಎಂಬುದು.

2019ರ ಜುಲೈ 15ರ ನಡುರಾತ್ರಿ ದಾಟಿದ ಹೊತ್ತು. ಚಂದ್ರಯಾನ-2ರ ಉಡಾವಣೆ ನೋಡಲು ರಾಷ್ಟ್ರಪತಿಗಳು ಶ್ರೀಹರಿಕೋಟೆಗೆ ಬಂದು ಕೂತಿದ್ದರು. ಇನ್ನು 56 ನಿಮಿಷ ಇರುವಾಗ ಗಡಿಯಾರ ನಿಂತಿತು. ಜನ ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಹೋದರು, ರಾಷ್ಟ್ರಪತಿಗಳೂ ಹೊರಟರು. ಏಳು ದಿನದ ಮೇಲೆ ರಾಕೆಟ್ ಏರಿತು. ಏರಿದ ದಿನದ ಚಪ್ಪಾಳೆ ಎಲ್ಲರಿಗೂ ನೆನಪಿದೆ. ನಿಲ್ಲಿಸಿದ ರಾತ್ರಿಗೆ ಚಪ್ಪಾಳೆ ಹೊಡೆದವರು ಯಾರೂ ಇರಲಿಲ್ಲ. ಬನಹಟ್ಟಿಯ ನೇಕಾರ ಅಲ್ಲಿದ್ದಿದ್ದರೆ ಹೊಡೆಯುತ್ತಿದ್ದ.