ತುಪ್ಪ ಬಲ್ಲವರ ಬಕ್ಲಾವ

ಸಿಹಿತಿಂಡಿಗಳ ಯೋಗ್ಯತೆಯನ್ನು ಅವುಗಳ ಸಿಹಿಯಿಂದಲೇ ಅಳೆಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಬಕ್ಲಾವವನ್ನು ಮೊದಲ ಸಲ ತಿಂದ ಅನೇಕರು ಅದು ಅತಿ ಸಿಹಿಯೆಂಬ ಒಂದೇ ಮಾತಿನಲ್ಲಿ ವಿಚಾರವನ್ನು ಮುಗಿಸಿಬಿಡುತ್ತಾರೆ. ಅವರು ತಿಂದದ್ದು ಒಳ್ಳೆಯ ಬಕ್ಲಾವವಲ್ಲವೆಂದೇ ನಾನು ಹೇಳುವೆನು. ಗಾಳಿಗೆ ಹಾರುವಷ್ಟು ತೆಳುವಾದ ಹಿಟ್ಟಿನ ಹಾಳೆಗಳನ್ನು ತುಪ್ಪ ಸವರಿ ಒಂದರ ಮೇಲೊಂದರಂತೆ ಹಾಸಿ, ನಡುವೆ ಪಿಸ್ತಾ ಅಥವಾ ಅಕ್ರೋಟಿನ ತರಿಯನ್ನು ಹರಡಿ, ಮತ್ತೆ ಹಾಳೆಗಳಿಂದ ಮುಚ್ಚಿ, ಹೊಂಬಣ್ಣ ಬರುವವರೆಗೆ ಬೇಯಿಸಿ, ಕಡೆಗೆ ಪಾಕವೆರೆದು ಮುಗಿಸುವ ಈ ಭಕ್ಷ್ಯದಲ್ಲಿ ಪ್ರಧಾನವಾದದ್ದು ಗರಿ. ಕಚ್ಚಿದೊಡನೆ ಮೇಲಿನ ಪದರಗಳು ಸದ್ದು ಮಾಡಿ ಮುರಿಯಬೇಕು, ತುಪ್ಪದ ಪರಿಮಳ ಅದರ ಬೆನ್ನಿಗೇ ಬರಬೇಕು, ಕೆಳಗಿನ ಪದರಗಳು ಪಾಕವನ್ನು ಕುಡಿದಿದ್ದರೂ ಮುದ್ದೆಗಟ್ಟದೆ ಬಿಡಿಬಿಡಿಯಾಗಿಯೇ ಉಳಿಯಬೇಕು. ಸಿಹಿಯಾದರೋ ಇವೆಲ್ಲಕ್ಕೂ ಆಧಾರಶ್ರುತಿಯಂತೆ ಹಿಂದೆ ನಿಲ್ಲಬೇಕು.

ಇಂಥ ಬಕ್ಲಾವವನ್ನು ಬೆಂಗಳೂರಿನ ಹೊರವಲಯದ ಅಡುಗೆಮನೆಗಳಲ್ಲಿಯೇ ಮಾಡಬಹುದೆಂದೂ, ತುಪ್ಪವನ್ನೂ ಪಾಕವನ್ನೂ ಬಲ್ಲ ಕನ್ನಡದ ಮನೆಯವರು ಅದಕ್ಕೆ ಅಂಜಬೇಕಾದ ಕಾರಣವೇ ಇಲ್ಲವೆಂದೂ ಹೇಳುವುದು ಈ ವಾರದ ಉದ್ದೇಶ. 1882ರಲ್ಲಿ ಡಿ. ಎಸ್. ವೈಟ್ ಅವರ ಮುಂದಾಳುತನದಲ್ಲಿ, ಚಾಮರಾಜ ಒಡೆಯರು ದಯಪಾಲಿಸಿದ ಭೂಮಿಯ ಮೇಲೆ, ಆಂಗ್ಲೋ-ಇಂಡಿಯನ್ ಕುಟುಂಬಗಳ ಕೃಷಿನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿಯೂ, 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಯಲಿನಲ್ಲಿ ಕಟ್ಟಲಾರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಇಂದು ವಾಸಿಸುವವರು ದೇಶದೇಶಗಳನ್ನು ಸುತ್ತಿ ಬರುವ ಉದ್ಯೋಗಸ್ಥರು. ಇಸ್ತಾಂಬುಲ್, ದುಬೈಗಳ ವಿಮಾನ ನಿಲ್ದಾಣಗಳಲ್ಲಿ ಕೊಂಡ ಬಕ್ಲಾವದ ಡಬ್ಬಿಗಳು ಅವರ ಚೀಲಗಳಲ್ಲಿ ಬಂದು ಆಫೀಸಿನ ಮೇಜಿನ ಮೇಲೆ ತೆರೆಯಲ್ಪಡುವುದು ಈಗ ಸಾಮಾನ್ಯ ದೃಶ್ಯ. ಆದರೆ ಡಬ್ಬಿಯಲ್ಲಿ ದಿನಗಟ್ಟಲೆ ಕುಳಿತದ್ದು ಗರಿಯನ್ನು ಕಳೆದುಕೊಂಡಿರುತ್ತದೆ. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತಂದದ್ದರಲ್ಲಿ ತುಪ್ಪದ ಸ್ಥಾನವನ್ನು ವನಸ್ಪತಿ ಆಕ್ರಮಿಸಿರುವುದೂ ಉಂಟು.

ಇದು ಯಾರ ಭಕ್ಷ್ಯವೆಂಬ ವಾದಕ್ಕೆ ತುರ್ಕರು, ಗ್ರೀಕರು, ಅರಬರು, ಆರ್ಮೇನಿಯನ್ನರು ಎಲ್ಲರೂ ವಾದಿಗಳು. ಅದರಲ್ಲಿ ನಾವು ಬೀಳುವುದು ಬೇಡ. ಆಟೊಮನ್ ಸುಲ್ತಾನರ ಅರಮನೆಯಲ್ಲಿ ಅದಕ್ಕೆ ದೊರೆತ ಗೌರವವಂತೂ ಇತಿಹಾಸಸಿದ್ಧ. ರಂಜಾನ್ ಮಾಸದ ಹದಿನೈದನೆಯ ದಿನ, ಹತ್ತು ಸೈನಿಕರಿಗೆ ಒಂದರಂತೆ ಬಕ್ಲಾವದ ಹರಿವಾಣಗಳನ್ನು ಸುಲ್ತಾನನು ತನ್ನ ಜಾನಿಸರಿ ಪಡೆಗೆ ಕೊಡುತ್ತಿದ್ದನು. ಅವರು ಅವನ್ನು ಹೊತ್ತು ಮೆರವಣಿಗೆಯಲ್ಲಿ ಬಿಡಾರಕ್ಕೆ ಹಿಂದಿರುಗುತ್ತಿದ್ದರು. 1826ರಲ್ಲಿ ಆ ಪಡೆಯನ್ನೇ ರದ್ದುಮಾಡಿದಾಗ ಮೆರವಣಿಗೆಯೂ ನಿಂತಿತು. ನಮ್ಮ ಟಿಪ್ಪು ಸುಲ್ತಾನನ ರಾಯಭಾರಿಗಳು 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗು ಹತ್ತಿ, ಮರುವರ್ಷ ಆಟೊಮನ್ ರಾಜಧಾನಿಯಾದ ಇಸ್ತಾಂಬುಲನ್ನು ಮುಟ್ಟಿದಾಗ ಈ ಪದ್ಧತಿ ಇನ್ನೂ ಜೀವಂತವಾಗಿತ್ತೆಂಬುದನ್ನು ನೆನೆದರೆ, ಮೈಸೂರಿಗೂ ಆ ನಗರಕ್ಕೂ ನಡುವಣ ದೂರ ತುಸು ಕಿರಿದಾದಂತೆ ನನಗೆ ತೋರುತ್ತದೆ. ಇಂದು ಬಕ್ಲಾವಕ್ಕೆ ಹೆಸರಾದ ಊರು ತುರ್ಕಿಯ ಆಗ್ನೇಯದ ಗಾಜಿಯಾಂತೆಪ್. ಅಲ್ಲಿಯ ಬಕ್ಲಾವಕ್ಕೆ 2013ರಲ್ಲಿ ಐರೋಪ್ಯ ಒಕ್ಕೂಟ ಭೌಗೋಳಿಕ ಮನ್ನಣೆಯನ್ನು ನೀಡಿತು.

ಪದರದ ವಿದ್ಯೆ ನಮಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ವರ್ಣಿತವಾದ ಮಂಡಕವೇ ಇಂದಿನ ಬೆಳಗಾವಿಯ ಮಂಡಿಗೆ. ಹೂರಣ ತುಂಬಿದ ಕಣಕವನ್ನು ಕೈಗಳ ಮೇಲೆ ಹಾಕಿ ಹಾಕಿ ಹಿಗ್ಗಿಸಿ, ಬೋರಲು ಹಾಕಿದ ಪಾತ್ರೆಯ ಮೇಲೆ ಹಾಸಿ ಸುಟ್ಟು, ಬಿಸಿಯಿರುವಾಗಲೇ ವಸ್ತ್ರದ ಹಾಗೆ ಮಡಿಸುವ ಕೌಶಲ ಅದರಲ್ಲಿದೆ. ದಕ್ಷಿಣದವರಾದ ನಮ್ಮ ಮದುವೆಯ ಊಟದ ಚಿರೋಟಿಯನ್ನು ನೋಡಿರಿ: ತೆಳುವಾಗಿ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪವನ್ನೂ ಅಕ್ಕಿಹಿಟ್ಟನ್ನೂ ನಾದಿದ ಸಾಟಿಯನ್ನು ಸವರಿ, ಸುರುಳಿ ಸುತ್ತಿ, ಕತ್ತರಿಸಿ, ಒತ್ತಿ ಕರಿಯುವುದು. ಗಾಜಿಯಾಂತೆಪ್ಪಿನ ಕುಶಲಿಗಳು ಹತ್ತು ಹನ್ನೆರಡು ಹಾಳೆಗಳನ್ನು ಒಟ್ಟಿಗೆ ಲಟ್ಟಿಸುವಾಗ ನಡುನಡುವೆ ಗೋಧಿಯ ಪಿಷ್ಟವನ್ನು ಉದುರಿಸುತ್ತಾರೆ. ನಮ್ಮ ಅಕ್ಕಿಹಿಟ್ಟು ಮಾಡುವ ಕೆಲಸವೂ ಅದೇ, ಪದರ ಪದರಕ್ಕೆ ಅಂಟದಂತೆ ತಡೆಯುವುದು. ಇನ್ನು ಮಡಿಸಿ ಕರಿದು ಪಾಕದಲ್ಲಿ ಅದ್ದಿ ತೆಗೆಯುವ ಬಾದಾಮಿ ಪೂರಿಯಂತೂ ಬಕ್ಲಾವಕ್ಕೆ ದಾಯಾದಿಯೇ ಸರಿ.

ಮಗನ ನೌಕರಿಯ ನಿಮಿತ್ತ ಬೆಳಗಾವಿಯಿಂದ ಬಂದು ನಮ್ಮ ಮೇಲಿನ ಮಹಡಿಯಲ್ಲಿ ನೆಲೆಸಿರುವ ಅಜ್ಜಿಯೊಬ್ಬರು, ನಾನು ಹಾಳೆಗಳನ್ನು ಬಿಡಿಸುತ್ತಿದ್ದುದನ್ನು ಕಂಡು, "ಇದು ನಮ್ಮ ಮಂಡಿಗಿ ತಂಗೀನ ಅಲ್ಲೇನ್ರೀ? ಮ್ಯಾಲ ತೊಯ್ಸಿದ ಅರಿವಿ ಹಾಕ್ರೀ, ಗಾಳಿ ಬಡೀತಂದ್ರ ಒಡೀತದ" ಎಂದರು. ಬಕ್ಲಾವದ ಹೆಸರನ್ನೇ ಕೇಳದಿದ್ದ ಆ ಹಿರಿಯರು, ಹಾಳೆಯನ್ನು ಮುಟ್ಟುವ ಮೊದಲೇ ಅದರ ಶತ್ರು ಯಾವುದೆಂಬುದನ್ನು ಅರಿತಿದ್ದರು.

ಆ ಶತ್ರು ಗಾಳಿಯೇ. ಫಿಲೋ ಎಂಬ ಹೆಸರಿನಿಂದ ದೊಡ್ಡ ಅಂಗಡಿಗಳ ಫ್ರೀಜರಿನಲ್ಲಿ ದೊರೆಯುವ ಸಿದ್ಧ ಹಾಳೆಗಳ ಅರ್ಧ ಕಿಲೋ ಪೊಟ್ಟಣವನ್ನು ತಂದರೆ, ಹಿಂದಿನ ರಾತ್ರಿಯೇ ಅದನ್ನು ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ ನಿಧಾನವಾಗಿ ಕರಗಲು ಬಿಡಬೇಕು. ಅವಸರಪಟ್ಟು ಹೊರಗೆ ಇಟ್ಟರೆ ಮಂಜು ನೀರಾಗಿ ಹಾಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಿಚ್ಚಿದ ಮೇಲೆ ಮೊದಲು ಒಣಬಟ್ಟೆ, ಅದರ ಮೇಲೆ ಚೆನ್ನಾಗಿ ಹಿಂಡಿದ ಒದ್ದೆಬಟ್ಟೆ ಹೊದಿಸಿ, ಒಂದೊಂದನ್ನೇ ತೆಗೆಯಬೇಕು. ಮಾರ್ಚ್ ತಿಂಗಳ ಒಣಹವೆಯಲ್ಲಿ, ಫ್ಯಾನಿನ ಕೆಳಗೆ, ಹೊದಿಕೆಯಿಲ್ಲದ ಹಾಳೆ ಕೆಲವೇ ನಿಮಿಷಗಳಲ್ಲಿ ಪುಡಿಯಾಗುತ್ತದೆ. ಹರಿದದ್ದನ್ನು ಎಸೆಯಬೇಕಾಗಿಲ್ಲ, ನಡುಪದರಗಳಲ್ಲಿ ತೇಪೆಯಾಗಿ ಸೇರಿಸಿ, ಅಖಂಡವಾದವನ್ನು ಮೇಲುಪದರಗಳಿಗೆ ಕಾದಿರಿಸಿದರೆ ಸಾಕು.

ತುಪ್ಪದ ವಿಚಾರದಲ್ಲಿ ನಾನು ಸ್ವಲ್ಪ ನಿಲ್ಲಬೇಕಾಗಿದೆ. ಪಾಶ್ಚಾತ್ಯ ಪಾಕಗ್ರಂಥಗಳು ಬೆಣ್ಣೆಯನ್ನು ಕರಗಿಸಿ ಸವರಿರೆಂದು ಹೇಳುವುದನ್ನು ಓದಿ ನಮ್ಮವರೂ ಬೆಣ್ಣೆಯ ಕಟ್ಟಿಗೆ ಕೈಚಾಚುವುದುಂಟು. ಬೆಣ್ಣೆಯಲ್ಲಿ ಹೆಚ್ಚುಕಡಿಮೆ ಆರರಲ್ಲೊಂದು ಪಾಲು ನೀರಿದ್ದು, ಆ ನೀರು ಹಾಳೆಗಳನ್ನು ಹದಗೆಡಿಸುತ್ತದೆ, ಅದರಲ್ಲಿಯ ಹಾಲಿನ ಅಂಶ ಮುಕ್ಕಾಲು ಗಂಟೆಯ ಬೇಗೆಯಲ್ಲಿ ಕಪ್ಪಾಗಿ ಕಹಿಯಾಗುತ್ತದೆ. ಇದನ್ನು ಚೆನ್ನಾಗಿ ಬಲ್ಲ ಗಾಜಿಯಾಂತೆಪ್ಪಿನವರು ಬಳಸುವುದು ಕುರಿ, ಮೇಕೆಗಳ ಹಾಲಿನ ಬೆಣ್ಣೆಯನ್ನು ಕಾಯಿಸಿ, ನೊರೆಯನ್ನೂ ಗಸಿಯನ್ನೂ ತೆಗೆದ ಸ್ವಚ್ಛ ಸ್ನೇಹದ್ರವ್ಯವನ್ನು. ಅಂದರೆ, ಅಕ್ಷರಶಃ ತುಪ್ಪವನ್ನು. ನಮ್ಮದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಸಿ ಕೆಂಪಾಗುವವರೆಗೆ ಕಾದಿರುವುದರಿಂದ ಅದಕ್ಕೊಂದು ಹುರಿದ ಪರಿಮಳವಿದೆ. ಅದು ಬಕ್ಲಾವಕ್ಕೆ ದೋಷವಲ್ಲ, ಭೂಷಣ. ಅರ್ಧ ಕಿಲೋ ಹಾಳೆಗೆ 200ರಿಂದ 225 ಗ್ರಾಂ ತುಪ್ಪ ಬೇಕಾಗುತ್ತದೆ, ಇದರಲ್ಲಿ ಜಿಪುಣತನ ಸಲ್ಲದು. ಮರಳು ಮರಳಾಗಿ ಹೆತ್ತುಕೊಂಡ ತುಪ್ಪವನ್ನು ಹಾಗೆಯೇ ಎಳೆದರೆ ಹಾಳೆ ಹರಿಯುವುದರಿಂದ, ಅದನ್ನು ತಿಳಿಯಾಗುವಷ್ಟು ಬೆಚ್ಚಗೆ ಮಾಡಿಕೊಂಡು, ಮೃದುವಾದ ಬ್ರಷ್ಷಿನಿಂದ ಮೊದಲು ಅಂಚುಗಳಿಗೆ, ಆಮೇಲೆ ನಡುವಿಗೆ, ಎಳೆಯದೆ ತಟ್ಟಿದಂತೆ ಸವರಬೇಕು.

ಬೀಜಗಳಲ್ಲಿ ಪಿಸ್ತಾ ಶ್ರೇಷ್ಠವೆಂಬುದು ನಿರ್ವಿವಾದ. ಗಾಜಿಯಾಂತೆಪ್ಪಿನವರು ಪೂರ್ಣ ಬಲಿಯುವ ಮೊದಲೇ ಕಿತ್ತ ಹಚ್ಚಹಸುರಿನ ಪಿಸ್ತಾವನ್ನು ಬಳಸುತ್ತಾರೆ. ಅದು ನಮಗೆ ದುರ್ಲಭ, ಉಪ್ಪು ಹಾಕಿ ಹುರಿದದ್ದು ನಿಷಿದ್ಧ. ನನ್ನ ಮತವನ್ನು ಕೇಳಿದರೆ ಕಾಶ್ಮೀರದ ಅಕ್ರೋಟೇ ನಮಗೆ ಯೋಗ್ಯವಾದದ್ದು, ಯಾತಕ್ಕೆಂದರೆ ಅದರ ಸಿಪ್ಪೆಯ ಒಗರು ಪಾಕದ ಮಾಧುರ್ಯಕ್ಕೆ ತಡೆಯೊಡ್ಡುತ್ತದೆ. ಮಂಗಳೂರಿನ ಗೋಡಂಬಿ ರುಚಿಯಾದರೂ ತಾನೇ ಸಿಹಿ, ಜೊತೆಗೊಂದು ಪಾಲು ಅಕ್ರೋಟನ್ನು ಬೇಡುತ್ತದೆ. 300ರಿಂದ 350 ಗ್ರಾಂ ಬೀಜವನ್ನು ಚಿರೋಟಿ ರವೆಯಷ್ಟು ನುಣ್ಣಗಲ್ಲ, ದಪ್ಪ ತರಿಯಾಗಿ ಕುಟ್ಟಿರಿ. ಗ್ರೀಕರು ಲವಂಗ, ದಾಲ್ಚಿನ್ನಿ ಬೆರೆಸುತ್ತಾರೆ. ಏಲಕ್ಕಿ ಹಾಕಿದರೆ ಶಾಸ್ತ್ರ ಕೆಟ್ಟಿತೆಂದು ಹೇಳುವವರಿಗೆ, ಇರಾನಿನ ಯಜ್ದ್ ನಗರದ ಬಕ್ಲಾವ ಏಲಕ್ಕಿ, ಗುಲಾಬಿ ಜಲಗಳಿಂದಲೇ ಪ್ರಸಿದ್ಧವಾಗಿದೆಯೆಂದು ತಿಳಿಸಬಹುದು.

ತಟ್ಟೆಗೆ ತುಪ್ಪ ಸವರಿ, ಹಾಳೆಗಳಲ್ಲಿ ಅರ್ಧವನ್ನು ಕೆಳಗೆ ಹಾಸಿ, ಬೀಜದ ತರಿಯನ್ನು ಸಮನಾಗಿ ಹರಡಿ, ಉಳಿದರ್ಧವನ್ನು ಮೇಲೆ ಹಾಸಿದ ಮೇಲೆ, ಬೇಯಿಸುವ ಮೊದಲೇ ಹರಿತವಾದ ಚಾಕುವಿನಿಂದ ವಜ್ರಾಕೃತಿಯಲ್ಲಿ ತಳಮುಟ್ಟ ಕತ್ತರಿಸಬೇಕು. ಬೆಂದ ಮೇಲೆ ಕತ್ತರಿಸಹೊರಟರೆ ಗರಿಯಾದ ಪದರಗಳೆಲ್ಲ ಚೂರಾಗುತ್ತವೆ, ಕತ್ತರಿಸದೆಯೇ ಪಾಕವೆರೆದರೆ ಅದು ಒಳಗಿಳಿಯಲು ದಾರಿಯೇ ಇರುವುದಿಲ್ಲ. ನಮ್ಮ ಮನೆಗಳ ಚಿಕ್ಕ ಓಟಿಜಿಯಲ್ಲಿ ಮೇಲಿನ ಕಾಯಿಲ್ ತೀರ ಸಮೀಪವಿರುವುದರಿಂದ ತಟ್ಟೆಯನ್ನು ಕೆಳಗಿನ ಹಂತದಲ್ಲಿಟ್ಟು, 160 ಡಿಗ್ರಿಯಲ್ಲಿ ಸುಮಾರು 50 ನಿಮಿಷ ಬೇಯಿಸಿರಿ. ಮೇಲೆ ಬಣ್ಣ ಬಂದಿತೆಂದು ಹೊರಗೆ ತೆಗೆಯುವುದು ಸಾಮಾನ್ಯ ಪ್ರಮಾದ. ನಡುವಣ ತುಂಡೊಂದನ್ನು ಚಾಕುವಿನ ತುದಿಯಿಂದ ಎತ್ತಿ ನೋಡಿದಾಗ ತಳವೂ ಹೊನ್ನಿನ ಬಣ್ಣಕ್ಕೆ ತಿರುಗಿರಬೇಕು.

ಪಾಕವನ್ನು ಇದಕ್ಕಿಂತ ಮೊದಲೇ ಮಾಡಿ ಆರಿಸಿಟ್ಟಿರಬೇಕು. 400 ಗ್ರಾಂ ಸಕ್ಕರೆ, 300 ಮಿಲಿಲೀಟರ್ ನೀರು. ಕುದಿಬಂದ ಮೇಲೆ ಒಂದೆರಡು ಚಮಚ ನಿಂಬೆರಸ. ಆ ಹುಳಿ ಸಕ್ಕರೆಯ ಸ್ವಲ್ಪ ಭಾಗವನ್ನು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆದು ಪಾಕ ಹರಳುಗಟ್ಟದಂತೆ ಕಾಯುತ್ತದೆ. ಬಾದಾಮಿ ಪೂರಿಯ ಪಾಕಕ್ಕೆ ನಮ್ಮ ತಾಯಂದಿರು ನಿಂಬೆ ಹಿಂಡುತ್ತಿದ್ದುದೂ ಇದಕ್ಕಾಗಿಯೇ. ಪರದೇಶದ ಪುಸ್ತಕಗಳು ಉಷ್ಣಮಾಪಕವಿಟ್ಟು 105 ಡಿಗ್ರಿಗೆ ಇಳಿಸಿರೆನ್ನುತ್ತವೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಾದ್ದರಿಂದ, ಆ ಅಂಕಿಯನ್ನು ನಂಬಿದವರ ಪಾಕ ಅಗತ್ಯಕ್ಕಿಂತ ಗಟ್ಟಿಯಾಗುತ್ತದೆ, 102ಕ್ಕೆ ನಿಲ್ಲಿಸಬೇಕು. ಅದಕ್ಕಿಂತಲೂ ನಂಬಬಹುದಾದದ್ದು ಹೆಬ್ಬೆರಳು, ತೋರುಬೆರಳುಗಳ ಪರೀಕ್ಷೆ: ಬೆರಳುಗಳಿಗೆ ಜಿಗುಟಿರಬೇಕು, ಆದರೆ ಎಳೆ ಹುಟ್ಟಿರಬಾರದು. ಒಂದೆಳೆ ಬಂದ ಪಾಕ ಲಾಡುವಿಗೆ ಸರಿ, ಹಾಳೆಗಳ ನಡುವಿನ ಕೂದಲೆಳೆಯ ಸಂದುಗಳಲ್ಲಿ ಅದು ಇಳಿಯಲಾರದು.

ತಟ್ಟೆ ಒಲೆಯಿಂದ ಹೊರಬಂದೊಡನೆ, ತುಪ್ಪ ಇನ್ನೂ ಗುಳುಗುಳಿಸುತ್ತಿರುವಾಗಲೇ, ಆರಿದ ಪಾಕವನ್ನು ಕತ್ತರಿಸಿದ ಗೆರೆಗಳ ಉದ್ದಕ್ಕೂ ಸೌಟಿನಿಂದ ಎರೆಯಿರಿ. ಸುಂಯ್ ಎಂಬ ದೀರ್ಘಧ್ವನಿ ಏಳಬೇಕು. ಅದು ಏಳದಿದ್ದರೆ ತಟ್ಟೆ ತಣಿದಿದೆಯೆಂದು ಅರ್ಥ. ಬಿಸಿಯಾದ ಪದರಗಳು ತಣ್ಣನೆಯ ಪಾಕವನ್ನು ಕೆಳಗಿನಿಂದ ಮೇಲಕ್ಕೆ ಸೆಳೆದುಕೊಳ್ಳುತ್ತವೆ. ಎರಡೂ ಬಿಸಿಯಾಗಿದ್ದರೆ ಆವಿಯಲ್ಲಿ ಗರಿ ಸಾಯುತ್ತದೆ, ಎರಡೂ ತಣ್ಣಗಿದ್ದರೆ ಪಾಕ ತಳದಲ್ಲಿ ಮಡುಗಟ್ಟುತ್ತದೆ. ಗಾಜಿಯಾಂತೆಪ್ಪಿನ ವೃತ್ತಿನಿರತರು ಕುದಿಯುವ ಪಾಕವನ್ನೇ ಎರೆಯುವುದುಂಟು. ಅವರ ಒಲೆ ಬೇರೆ, ಅವರ ಹಾಳೆ ಬೇರೆ.

ಎರೆದ ಮೇಲೆ ಮುಚ್ಚಬೇಡಿರಿ. ಐದಾರು ಗಂಟೆಯಾದರೂ ಬಿಟ್ಟು, ಆಮೇಲೆ ತೆಳುಬಟ್ಟೆ ಹೊದಿಸಿ ಮರುದಿನದವರೆಗೆ ಕಾಯುವುದು ಉತ್ತಮ, ಏಕೆಂದರೆ ಎರಡನೆಯ ದಿನವೇ ಅದರ ರುಚಿ ಕೂಡಿಬರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ತುಪ್ಪ ಹೆತ್ತುಕೊಂಡು ಪದರಗಳು ತೊಗಲಾಗುತ್ತವೆ. ಇರುವೆಯ ಭಯವಿದ್ದವರು ತಟ್ಟೆಯನ್ನು ನೀರಿನ ಪರಾತದ ನಡುವೆ ಎತ್ತರದ ಬಟ್ಟಲೊಂದರ ಮೇಲಿಡಲಿ. ಆಷಾಢದ ಜಡಿಮಳೆಯ ದಿನಗಳಲ್ಲಿ ಮಾಡುವವರು ಪಾಕವನ್ನು ಕಾಲು ಭಾಗ ಕಡಿಮೆ ಎರೆದು, ಎರಡು ದಿನಗಳಲ್ಲಿ ಮುಗಿಯುವಷ್ಟನ್ನೇ ಮಾಡುವುದು ಲೇಸು. ತಿನ್ನುವಾಗ ಗಾಜಿಯಾಂತೆಪ್ಪಿನವರ ಕ್ರಮವನ್ನು ಅನುಸರಿಸಿ ತುಂಡನ್ನು ತಲೆಕೆಳಗು ಮಾಡಿ, ಪಾಕ ಕುಡಿದ ತಳವು ಅಂಗುಳಿಗೆ ತಾಗುವಂತೆ ಬಾಯಿಗಿಡಿರಿ. ಜೊತೆಗೆ ಸಕ್ಕರೆಯಿಲ್ಲದ, ಡಿಕಾಕ್ಷನ್ ಮುಂದಾದ ಫಿಲ್ಟರ್ ಕಾಫಿ ಇರಲಿ.